ಅನ್ನಪೂರ್ಣೆಯ ‘ಅನ್ನ’ ಬರೀ ಅಕ್ಕಿಯದ್ದಲ್ಲ

“ಅನ್ನಪೂರ್ಣೆ ಅಂದ್ರೆ ಅಕ್ಕಿಯ ದೇವಿ, ಅವಳಿಗೆ ರೊಟ್ಟಿ ಎಡೆ ಹಿಡಿಯಬಾರದು” ಅನ್ನುವ ಫಾರ್ವರ್ಡ್ ನಮ್ಮ ಅಕ್ಕಲಕೋಟೆ ಕಡೆಯ ಗ್ರೂಪಿಗೂ ಬಂತು. ಆ ಹೆಸರಿಗೆ ಹಾಗೆ ಅರ್ಥ ಇಲ್ಲ.

ಸಂಸ್ಕೃತದಲ್ಲಿ ‘ಅದ್’ ಅಂದರೆ ತಿನ್ನು. ಅದರಿಂದ ಹುಟ್ಟಿದ್ದು ‘ಅನ್ನ’, ಅಂದರೆ ತಿನ್ನುವಂಥದ್ದು, ಆಹಾರ. ತೈತ್ತಿರೀಯ ಉಪನಿಷತ್ತು ಕೂಡ ಹೀಗೇ ಬಿಡಿಸಿ ಹೇಳುತ್ತದೆ. ‘ಪೂರ್ಣಾ’ ಅಂದರೆ ತುಂಬಿದವಳು, ಅಷ್ಟೇ. ಬೇಯಿಸಿದ ಅಕ್ಕಿಗೆ ಸಂಸ್ಕೃತದಲ್ಲಿ ‘ಓದನ’ ಅನ್ನೋ ಬೇರೆ ಪದವೇ ಇದೆ.

ಕನ್ನಡದಲ್ಲಿ ಅನ್ನ ಅಂದಕೂಡಲೇ ತಟ್ಟೆಯ ಬಿಳಿ ರಾಶಿ ಕಣ್ಣಿಗೆ ಬರುತ್ತದೆ, ಅಲ್ವಾ? ಗೊಂದಲ ಅಲ್ಲೇ ಶುರು. ಪಕ್ಕದ ಮನೆಯ ಮರಾಠಿಯವರಿಗೆ ಅದು ‘ಭಾತ್’. ಅವರು ‘ಅನ್ನ, ವಸ್ತ್ರ, ನಿವಾರಾ (ವಸತಿ)’ ಅಂದಾಗ ಅನ್ನ ಅಂದರೆ ಊಟ. ಹಂಚಿನ ಮೇಲೆ ಉಬ್ಬಿದ ಜೋಳದ ರೊಟ್ಟಿ, ಪಕ್ಕದಲ್ಲಿ ಶೇಂಗಾ ಚಟ್ನಿ, ಅದೂ ಅನ್ನವೇ.