ನರ್ಸ್‌ಗಳ ತರಬೇತಿ ಡ್ಯೂಟಿ ಹೊತ್ತಿನಲ್ಲೇ ಆಗಬೇಕಾ?

ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಲು 150 ಗಂಟೆ ಕಲಿಕೆ ಮುಗಿಸಿರಬೇಕು ಎನ್ನುತ್ತದೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಿಯಮ. ಅಂದರೆ ವರ್ಷಕ್ಕೆ 30 ಗಂಟೆ. ಆ ಹೊತ್ತು ಯಾರ ಲೆಕ್ಕದಲ್ಲಿ, ಆಸ್ಪತ್ರೆಯದೋ ನರ್ಸ್ ಸ್ವಂತದ್ದೋ?

ಪರ: ಮೈಸೂರಿನ ಸ್ಟಾಫ್ ನರ್ಸ್

ರಾತ್ರಿ ಎಂಟಕ್ಕೆ ಡ್ಯೂಟಿಗೆ ಹೋದವಳು ಬೆಳಿಗ್ಗೆ ಎಂಟಕ್ಕೆ ಮುಂದಿನ ಪಾಳಿಯವಳಿಗೆ ಓವರ್ ಕೊಟ್ಟೆ. ಹತ್ತಕ್ಕೆ ಸೋಂಕು ತಡೆಯುವ ಬಗ್ಗೆ ತರಬೇತಿ. ಕುವೆಂಪುನಗರದ ಮನೆಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ. ಡ್ರೆಸ್ ಬದಲಿಸುವ ರೂಮಿನ ಬೆಂಚಿನ ಮೇಲೆ ಕೂತೇ ಕಳೆದೆ. ಪಾಠ ಚೆನ್ನಾಗಿತ್ತು ಅಂತ ಗೆಳತಿ ಹೇಳಿದಳು. ನನಗೆ ಒಂದು ಮಾತೂ ನೆನಪಿಲ್ಲ. ಸರ್ಟಿಫಿಕೇಟ್ ಮಾತ್ರ ಕೈಗೆ ಬಂತು.

ಡ್ರಿಪ್ಸ್‌ಗೆ ರಕ್ತನಾಳಕ್ಕೆ ಕ್ಯಾನುಲಾ (ಸಣ್ಣ ಕೊಳವೆ) ಹಾಕುವ ಮುಂಚೆ ಕೈ ತೊಳೆಯುವುದು, ಹಾಕಿದ ಜಾಗ ಕೆಂಪಾಗಿದೆಯಾ ಅಂತ ನೋಡುವುದು, ಇದೆಲ್ಲ ಆಸ್ಪತ್ರೆಯದೇ ಕೆಲಸ. ಅದನ್ನು ಕಲಿಯುವ ಹೊತ್ತೂ ಆಸ್ಪತ್ರೆಯದ್ದೇ ಅಲ್ವಾ? ನಿದ್ದೆಗೆಟ್ಟು ಕಲಿತವಳ ಕೈಯಲ್ಲೇ ಮತ್ತೆ ರಾತ್ರಿ ರೋಗಿಗೆ ಇಂಜೆಕ್ಷನ್ ಕೊಡಿಸುತ್ತೀರಿ.

ಇನ್‌ಚಾರ್ಜ್ (ವಾರ್ಡಿನ ಉಸ್ತುವಾರಿ) ಆದವರ ಪಾಡು ಇನ್ನೂ ಕಷ್ಟ. ಹದಿನೈದು ವರ್ಷ ರೋಗಿಗಳನ್ನು ಚೆನ್ನಾಗಿ ನೋಡಿಕೊಂಡವರು ಒಂದು ಬೆಳಿಗ್ಗೆ ಇನ್‌ಚಾರ್ಜ್ ಆಗುತ್ತಾರೆ. ಯಾರಿಗೆ ಯಾವ ಪಾಳಿ ಅಂತ ರೋಸ್ಟರ್ ಹಾಕುವುದು, ವಾರ್ಡಿಗೆ ಬೇಕಾದ ಸಾಮಾನಿಗೆ ಇಂಡೆಂಟ್ ಬರೆಯುವುದು, ಅಳುತ್ತಾ ಬಂದ ಹೊಸ ಹುಡುಗಿಗೆ ಧೈರ್ಯ ಹೇಳುವುದು. ಯಾರೂ ಹೇಳಿಕೊಟ್ಟಿರುವುದಿಲ್ಲ. ಇದನ್ನೆಲ್ಲ ಭಾನುವಾರ ಮಕ್ಕಳನ್ನು ಬಿಟ್ಟು ಬಂದು ಕಲಿಯಿರಿ ಅನ್ನುವುದು ನ್ಯಾಯವಲ್ಲ.

ವಿರೋಧ: ಮಂಡ್ಯದ ಇನ್‌ಚಾರ್ಜ್ ಸಿಸ್ಟರ್

ರೋಸ್ಟರ್ ಹಾಕುವವಳು ನಾನು. ಮೆಡಿಕಲ್ ಕಾಲೇಜು ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು ಅನ್ನುವುದೂ ಕೌನ್ಸಿಲ್‌ನದೇ ಲೆಕ್ಕ. ನನ್ನ ವಾರ್ಡಿನಲ್ಲಿ ಮಧ್ಯಾಹ್ನದ ಪಾಳಿಗೆ 30 ಹಾಸಿಗೆ, ಇಬ್ಬರು ಸಿಸ್ಟರ್. ಒಬ್ಬಳು ತರಬೇತಿಗೆ ಹೋದರೆ ಮೂವತ್ತೂ ಇನ್ನೊಬ್ಬಳ ತಲೆ ಮೇಲೆ.

ಒಂದು ಸಲ ಹಾಗೇ ಆಯಿತು. ಅದೇ ಹೊತ್ತಿಗೆ ಎರಡು ಅಡ್ಮಿಷನ್ ಬಂತು. ಮೂಲೆ ಹಾಸಿಗೆಯ ಅಜ್ಜನ ಡ್ರಿಪ್ಸ್ ಮುಗಿದು ರಕ್ತ ಟ್ಯೂಬಿಗೆ ಏರಿತ್ತು. ಪುಣ್ಯಕ್ಕೆ ಏನೂ ಆಗಲಿಲ್ಲ. ಪಾಂಡವಪುರ ಕಡೆಯಿಂದ ಬಂದಿದ್ದ ಅವರ ಮಗಳು ಜಗಳವಾಡಲಿಲ್ಲ. "ಕೂಗಿ ಕೂಗಿ ಸಾಕಾಯ್ತು ಸಿಸ್ಟರ್" ಅಂದರು, ಅಷ್ಟೇ. ನಾನು ಫೋನ್ ಮಾಡಿ ತರಬೇತಿಯಲ್ಲಿದ್ದವಳನ್ನು ಅರ್ಧಕ್ಕೇ ಎಬ್ಬಿಸಿ ಕರೆಸಿದೆ. ಅವಳ ಕಲಿಕೆಯೂ ಕೆಟ್ಟಿತು, ವಾರ್ಡೂ ಕೆಟ್ಟಿತು.

ನೈಟ್ ಮುಗಿಸಿದವರನ್ನು ಪಾಠಕ್ಕೆ ಕೂರಿಸಬಾರದು. ಇದಕ್ಕೆ ನನ್ನದೂ ಹೌದು. ಆದರೆ ಖಾಲಿ ಹುದ್ದೆ ತುಂಬದೆ ಡ್ಯೂಟಿಯೊಳಗೆ ತರಬೇತಿ ತುರುಕಿದರೆ ಅದರ ಬೆಲೆ ಕೊಡುವವರು ಜತೆಗಾತಿ ಮತ್ತು ರೋಗಿ. ತರಬೇತಿ ಬೇರೆ ದಿನ ಇರಲಿ. ವಾರ ಮುಂಚೆ ತಿಳಿಸಲಿ. ಆ ದಿನಕ್ಕೆ ಬದಲಿ ರಜೆ ಕೊಡಲಿ.

ಇನ್ನೊಂದು ಮಾತು. ಡ್ಯೂಟಿ ಹೊತ್ತಿನದಾದರೆ ವಿಷಯವನ್ನೂ ಆಸ್ಪತ್ರೆಯೇ ಆರಿಸುತ್ತದೆ. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮಾಡಿದ ನಮ್ಮ ಹುಡುಗಿಗೆ ಡಯಾಲಿಸಿಸ್ ಕಲಿಯುವ ಆಸೆ. ಅವಳ ಹೊತ್ತು ಅವಳ ಕೈಯಲ್ಲಿದ್ದರೆ ಆರಿಸುವವಳೂ ಅವಳೇ.

ಮುಂದಿನ ತಿಂಗಳ ರೋಸ್ಟರ್ ಮೇಜಿನ ಮೇಲಿದೆ. ತರಬೇತಿಗೆ ಮೂವರ ಹೆಸರು ಬಂದಿದೆ. ಮೂವರಿಗೂ ನೈಟ್ ಇಲ್ಲದ ವಾರ ಹುಡುಕಿಟ್ಟಿದ್ದೇನೆ. ಬದಲಿ ರಜೆ ಕೇಳಿ ಮೇಲಿನವರಿಗೆ ಪತ್ರ ಬರೆದಿದ್ದೇನೆ. ಉತ್ತರ ಬರಬೇಕು.