ಕೆಡಹಿದ ಮನೆಯ ಅವಶೇಷಕ್ಕೆ ಗದ್ದೆಯೇ ಗತಿಯಾಗಬಾರದು

ಹೆದ್ದಾರಿ 66ರ ಅಗಲೀಕರಣಕ್ಕಾಗಿ ಕೇರಳದ ಗಡಿಯ ತಲಪಾಡಿಯಿಂದ ಈ ಕಡೆಗೆ, ನಮ್ಮ ಕಾಸರಗೋಡು ಜಿಲ್ಲೆಯಲ್ಲಿ, ರಸ್ತೆಬದಿಯ ಕಟ್ಟಡಗಳು ಉರುಳಿದವು. ಒಳಊರುಗಳಲ್ಲಿಯೂ ಹಳೆಯ ಮನೆ ಕೆಡಹಿ ಹೊಸತು ಕಟ್ಟುವವರು ಹೆಚ್ಚಿದ್ದಾರೆ. ಕೆಡಹಿದ್ದು ಎಲ್ಲಿಗೆ ಹೋಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಬಹಳಷ್ಟು ಸಲ ಅದು ತಗ್ಗಿನ ಗದ್ದೆಗೆ, ತೋಡಿನ (ಸಣ್ಣ ಹಳ್ಳದ) ಬದಿಗೆ, ಇಲ್ಲವೇ ಬಿಟ್ಟುಹೋದ ಕಲ್ಲಿನ ಕೋರೆಗೆ ಬೀಳುತ್ತದೆ.

ನಮ್ಮ ಹಿರಿಯರ ಮುರಕಲ್ಲಿನ (ಕೆಂಪುಕಲ್ಲಿನ) ಮನೆ ಕೆಡಹಿದಾಗ ಕಸವೆನ್ನುವಂಥದ್ದು ಹೆಚ್ಚೇನೂ ಉಳಿಯುತ್ತಿರಲಿಲ್ಲ. ಹಂಚು ಹಟ್ಟಿಯ ಮಾಡಿಗೆ ಏರುತ್ತಿತ್ತು, ಮಾಡಿನ ಮರದ ಪಕ್ಕಾಸು ಮತ್ತು ಬಾಗಿಲ ಚೌಕಟ್ಟಿನ ದಾರಂದಗಳನ್ನು ಇನ್ನೊಂದು ಮನೆಯವರು ಕೊಂಡುಹೋಗುತ್ತಿದ್ದರು, ಒಳ್ಳೆಯ ಕಲ್ಲು ಆವರಣದ ಗೋಡೆಯಾಗುತ್ತಿತ್ತು, ಗೋಡೆಯ ಮಣ್ಣು ತೋಟ ಸೇರುತ್ತಿತ್ತು. ತಾರಸಿ ಮನೆಯಲ್ಲಿ ಕಬ್ಬಿಣವಷ್ಟೇ ಗುಜರಿಗೆ ಹೋಗುತ್ತದೆ. ಕಾಂಕ್ರೀಟು, ಸಿಮೆಂಟು ಗಾರೆ, ಟೈಲ್ಸ್, ಪಿವಿಸಿ ಪೈಪು, ಬಣ್ಣದ ಚಕ್ಕೆ ಎಲ್ಲವೂ ಜೆಸಿಬಿಯ ಒಂದೇ ಬಾಚಿಗೆ ಬೆರೆತು ಯಾರಿಗೂ ಬೇಡದ ರಾಶಿಯಾಗುತ್ತವೆ.

ಗುಡ್ಡದ ಮುರಕಲ್ಲಿನಲ್ಲಿ ಇಂಗಿದ ಮಳೆನೀರೇ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ನಮ್ಮ ಸುರಂಗಗಳ, ಬಾವಿಗಳ ಆಧಾರ. ಕೆಳಗಿನ ಬೈಲು, ಅಂದರೆ ತಗ್ಗಿನ ಗದ್ದೆಗಳ ಸಾಲು, ಆ ನೀರನ್ನು ಹಿಡಿದಿಡುತ್ತದೆ, ತೋಡು ಹೆಚ್ಚಾದದ್ದನ್ನು ಹೊಳೆಗೆ ಒಯ್ಯುತ್ತದೆ. ಅಲ್ಲಿಗೆ ಅವಶೇಷ ಸುರಿದರೆ ಆಷಾಢದ ಮಳೆಗೆ ನೀರು ಪಕ್ಕದ ಅಡಿಕೆ ತೋಟಕ್ಕೆ ನುಗ್ಗುತ್ತದೆ, ಬೇಸಗೆಯಲ್ಲಿ ಬಾವಿ ಬೇಗ ಬತ್ತುತ್ತದೆ. ಗದ್ದೆ ತುಂಬಿಸುವುದನ್ನು ಕೇರಳದ 2008ರ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯ್ದೆ ತಡೆಯುತ್ತದೆ. ಆದರೆ ತುಂಬಿಸಲು ಬಳಸುವ ವಸ್ತು ಪುಕ್ಕಟೆ ಸಿಗುತ್ತಿರುವಷ್ಟು ಕಾಲ ಕಾಯ್ದೆಯೊಂದೇ ಸಾಲದು.

ಕೇಂದ್ರ ಸರಕಾರ 2016ರಲ್ಲಿಯೇ ಈ ತ್ಯಾಜ್ಯಕ್ಕೆಂದು ಪ್ರತ್ಯೇಕ ನಿಯಮ ತಂದಿತು. ಅದರ ಜಾಗಕ್ಕೆ ಬರುವ 2025ರ ನಿಯಮಗಳಿಗೆ 2026ರ ಏಪ್ರಿಲ್ 1 ಜಾರಿಯ ದಿನ. ಅವುಗಳಲ್ಲಿ ಮರುಬಳಕೆಯ ಗುರಿಯನ್ನು ಹೊರಿಸಿರುವುದು 20,000 ಚದರ ಮೀಟರ್ ಅಥವಾ ಅದಕ್ಕೂ ಮೇಲ್ಪಟ್ಟ ಯೋಜನೆಗಳ ಮೇಲೆ. ಕೊಚ್ಚಿಯ ಮರಡಿನಲ್ಲಿ 2020ರ ಜನವರಿಯಲ್ಲಿ ಉರುಳಿಸಿದ ಬಹುಮಹಡಿ ಕಟ್ಟಡಗಳ ಅವಶೇಷದ ಮೇಲೆ ಇಡೀ ರಾಜ್ಯದ ಕಣ್ಣಿತ್ತು. ಮಂಜೇಶ್ವರ, ಬದಿಯಡ್ಕಗಳಲ್ಲಿ ಉರುಳುವುದು ಸಣ್ಣ ಮನೆ, ಎರಡು ಕೋಣೆಯ ಅಂಗಡಿ. ಇವು ಯಾರ ಲೆಕ್ಕಕ್ಕೂ ಬರುವುದಿಲ್ಲ. ಕಸ ಒಯ್ಯಲು ಮನೆಬಾಗಿಲಿಗೆ ಬರುವ, ಪಂಚಾಯತಿನ ಹರಿತ ಕರ್ಮ ಸೇನೆಯ ಸಹೋದರಿಯರು ಪ್ಲಾಸ್ಟಿಕ್ ಒಯ್ಯಬಲ್ಲರು, ಕಾಂಕ್ರೀಟಿನ ತುಂಡುಗಳನ್ನಲ್ಲ.

ಹೀಗಾಗಿ ಹೊಣೆ ಪಂಚಾಯತಿನದೇ ಎಂದು ನಾನು ದೃಢವಾಗಿ ನಂಬಿದ್ದೇನೆ. ಹಳೆಯ ಕಟ್ಟಡವಿರುವ ಜಾಗದಲ್ಲಿ ಹೊಸ ಮನೆಗೆ ಪರವಾನಗಿ ಕೊಡುವಾಗಲೇ ಅವಶೇಷ ಹೋಗುವ ಜಾಗವನ್ನು ಬರೆಸಿಕೊಳ್ಳಬೇಕು, ಮನೆ ನಂಬರು ಕೊಡುವ ಮುನ್ನ ಅದರ ರಶೀದಿ ನೋಡಬೇಕು. ರಶೀದಿ ಕೊಡಲು ಒಂದು ಸಂಗ್ರಹಣಾ ಜಾಗ ಇರಲೇಬೇಕಲ್ಲ. ತಾಲೂಕಿಗೊಂದಾದರೂ ಅಂಥ ಜಾಗ, ಎಲ್ಲ ಪಂಚಾಯತುಗಳು ಸೇರಿ ಕೊಳ್ಳುವ ಒಂದು ಸಂಚಾರಿ ಕ್ರಷರ್ ಇದ್ದರೆ ಕೆಲಸ ಶುರುವಾಗುತ್ತದೆ.

ಪುಡಿಮಾಡಿದ ಕಾಂಕ್ರೀಟನ್ನು ಬಳಸಲು ಕಾಂಕ್ರೀಟಿನ ಜಲ್ಲಿ, ಮರಳಿಗಿರುವ ಭಾರತೀಯ ಮಾನಕ ಐಎಸ್ 383ರ 2016ರ ಆವೃತ್ತಿ ಅವಕಾಶ ಕೊಟ್ಟಿದೆ: ಕಬ್ಬಿಣವಿಲ್ಲದ ಕಾಂಕ್ರೀಟಿನ ಜಲ್ಲಿಯಲ್ಲಿ ಶೇ. 25ರವರೆಗೆ, ಕಬ್ಬಿಣ ಹಾಕಿದ ಎಂ-25 ಎಂಬ ಬಲದ ದರ್ಜೆಯವರೆಗಿನದರಲ್ಲಿ ಶೇ. 20ರವರೆಗೆ. ಮುರಕಲ್ಲಿನ ಚೂರಿಗೆ ಅಷ್ಟು ಗಟ್ಟಿತನವಿಲ್ಲ, ಅದನ್ನು ತಾರಸಿಗೆ ಹಾಕಲಾಗದು. ಆದರೆ ಅಡಿಪಾಯದೊಳಗೆ ತುಂಬಿ ದಮ್ಮಾಸು ಹೊಡೆದು ಗಟ್ಟಿಮಾಡಲು ಅದು ಚೆನ್ನಾಗಿ ಸಲ್ಲುತ್ತದೆ. ಇಂದು ಆ ತುಂಬಿಕೆಗೆಂದೇ ಗುಡ್ಡ ಕಡಿದು ಕೆಂಪುಮಣ್ಣು ತರಿಸುತ್ತಿದ್ದೇವೆ, ಅದೇ ಅಂಗಳದಿಂದ ಹಳೆಯ ಗೋಡೆಯನ್ನು ದುಡ್ಡು ಕೊಟ್ಟು ಹೊರಗೆ ಸಾಗಿಸುತ್ತಿದ್ದೇವೆ. ಮನೆ ಕೆಡಹಿಸಲು ಹೊರಟವರು ಜೆಸಿಬಿಯವರನ್ನು ಕರೆಯುವ ಮೊದಲೇ ಮೇಸ್ತ್ರಿಯೊಡನೆ ಈ ತುಂಬಿಕೆಯ ಲೆಕ್ಕ ಮಾತಾಡಿ, ಹಂಚು, ಮರ, ಪೈಪುಗಳನ್ನು ಕೈಯಿಂದ ಬೇರೆ ತೆಗೆಸಲಿ.