ಗಾಡಿಯ ಹೆಸರು ಬೇಡ, ಬಿಲ್ ತೋರಿಸಿ

ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಾ ಇದ್ದೀನಿ. ನಿನ್ನೆ ಸಿಂಧನೂರಿನಲ್ಲಿ ನಮ್ಮ ಬಳಗದವರದೇ ಒಂದು ಮದುವೆ. ಊಟ ಮುಗಿಸಿ ಕಲ್ಯಾಣ ಮಂಟಪದ ಹೊರಗೆ ನಿಂತಿದ್ದೆವು. ನಮ್ಮ ಚಿಕ್ಕಪ್ಪನ ಮಗನಿಗೆ ಈ ಸಲ ಭತ್ತದ ದುಡ್ಡು ಕೈಗೆ ಬಂದಿದೆ. ಉಳಿದದ್ದು ಸಾಲ ಮಾಡಿ ಒಂದು ಫೋರ್ ಬೈ ಫೋರ್, ಅಂದ್ರೆ ನಾಲ್ಕೂ ಗಾಲಿಗೆ ಎಂಜಿನ್ ಶಕ್ತಿ ಹೋಗುವ ಗಾಡಿ, ತಗೋಬೇಕು ಅಂತ ಅವನ ಆಸೆ. ಅವನ ಹೊಲದ ದಾರಿ ಮಳೆಗಾಲದಲ್ಲಿ ಹೇಗಿರುತ್ತೆ ಅಂತ ನೋಡಿದವರು ಯಾರೂ ಅದನ್ನು ಶೋಕಿ ಅನ್ನಲ್ಲ. ಅಲ್ಲಿದ್ದ ಹಿರಿಯರೊಬ್ಬರನ್ನು ಕೇಳಿದ: "ಮಾವಾ, ನಿಮ್ಮ ಗಾಡಿ ಹೆಂಗೈತ್ರಿ? ತಗೋಬೌದೇನ್ರಿ?"

"ಕಣ್ಣು ಮುಚ್ಚಿ ತಗೋ ತಮ್ಮ. ಆ ಕಂಪನಿ ಅಂದ್ರ ಕೇಳೂದ ಬ್ಯಾಡ."

ಆ ಗಾಡಿ ಹೋದ ಮಳೆಗಾಲದಲ್ಲಿ ಒಂದು ಪಾರ್ಟ್ ಬಾರದೆ ವರ್ಕ್‌ಶಾಪಿನಲ್ಲಿ ನಿಂತಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಆಗ ಅವರು ಬಸ್ಸಿಗೆ ಓಡಾಡಿದ್ದೂ ಗೊತ್ತು. ಪಕ್ಕದಲ್ಲಿದ್ದ ಇನ್ನೊಬ್ಬರದು ಬೇರೆ ಕಂಪನಿಯ ಗಾಡಿ. ಅವರೂ ಅದೇ ಧಾಟಿಯಲ್ಲಿ ಶುರು ಮಾಡಿದರು. ಅವರ ಗಾಡಿಯ ಕ್ಲಚ್ ಎಷ್ಟು ಸಲ ಬಿಚ್ಚಿದ್ದಾರೆ ಅಂತ ಅವರ ಡ್ರೈವರೇ ನನಗೆ ಹೇಳಿದ್ದ. ಆಮೇಲೆ ಇಬ್ಬರಿಗೂ ಯಾರ ಕಂಪನಿ ದೊಡ್ಡದು ಅಂತ ವಾದ ಹತ್ತಿತು. ಹುಡುಗ ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡುತ್ತಾ ನಿಂತ. ಅವನಿಗೆ ಬೇಕಾಗಿದ್ದ ಒಂದು ಮಾತೂ ಯಾರ ಬಾಯಿಂದಲೂ ಬರಲಿಲ್ಲ.

ನನ್ನ ಗಾಡಿ ಹುಚ್ಚು ನಿಮಗೆಲ್ಲ ಗೊತ್ತಿರೋದೇ. ಅಪ್ಪನ ಜೀಪಿಗೆ ಗ್ರೀಸ್ ಹೊಡೆಯುತ್ತಾ ಬೆಳೆದವನು ನಾನು. ಅದನ್ನು ಮಾರಿದ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಗಾಡಿಯ ಮೇಲಿನ ಪ್ರೀತಿ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಪ್ರೀತಿ ಇದ್ದ ಮಾತ್ರಕ್ಕೆ ಅದರ ಕಾಯಿಲೆ ಮುಚ್ಚಿಡಬೇಕಾ? ಅದೂ ಇಪ್ಪತ್ತು ಲಕ್ಷದ ಸಾಲಕ್ಕೆ ಸಹಿ ಹಾಕಲು ಹೊರಟ ಹುಡುಗನ ಮುಂದೆ?

ಇಷ್ಟಕ್ಕೂ ಆ ಹೆಸರು ಎಲ್ಲಿಂದ ಬಂತು ಅಂತ ಒಂದ್ಸಲ ಯೋಚನೆ ಮಾಡಿ. ಮಹೀಂದ್ರಾ 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಶುರು ಮಾಡಿತು. ಜೀಪು ಗಟ್ಟಿ ಅನ್ನೋ ಮಾತು ನಮ್ಮಲ್ಲಿ ಅಷ್ಟು ಹಳೆಯದು. ಮಾರುತಿಯ ಜಿಪ್ಸಿ ಬಂದದ್ದು 1985ರಲ್ಲಿ. ಸೈನ್ಯದವರು ಅದನ್ನು ಬೆಟ್ಟಗುಡ್ಡಗಳಲ್ಲಿ ಓಡಿಸಿದರು, ಅದಕ್ಕೆ ಒಳ್ಳೆ ಹೆಸರು ಬಂತು. ಟೊಯೋಟಾದ ಲ್ಯಾಂಡ್ ಕ್ರೂಸರ್ ವಂಶ 1951ರಿಂದ ಶುರು. ಆಸ್ಟ್ರೇಲಿಯಾದ ಒಳನಾಡಿನಲ್ಲಿ, ಆಫ್ರಿಕಾದ ದಾರಿಗಳಲ್ಲಿ ಅದು ದುಡಿದು ಹೆಸರು ಮಾಡಿತು. ಎಲ್ಲವೂ ನಿಜ, ನಾನು ತಲೆಬಾಗುತ್ತೇನೆ. ಆದರೆ ನಮ್ಮೂರಿನಲ್ಲಿ ಓಡುವ ಟೊಯೋಟಾ ಫಾರ್ಚುನರ್ 2009ರಲ್ಲಿ ಭಾರತಕ್ಕೆ ಬಂದ ಗಾಡಿ, ಅದೇ ಕಂಪನಿಯ ಹೈಲಕ್ಸ್ ಪಿಕಪ್ಪಿನ ಬಳಗದ್ದು. ಅದೂ ಗಟ್ಟಿಯೇ ಇರಬಹುದು. ಆದರೆ ಲ್ಯಾಂಡ್ ಕ್ರೂಸರಿನ ಕಥೆ ಹೇಳಿ ಅದನ್ನು ಹೊಗಳಬೇಡಿ.

ಸಫಾರಿ ನೋಡಿ. 1998ರ ಟಾಟಾ ಸಫಾರಿಗೆ ಫೋರ್ ಬೈ ಫೋರ್ ಇತ್ತು. 2021ರಲ್ಲಿ ಅದೇ ಹೆಸರು ಹೊತ್ತು ಬಂದ ಗಾಡಿಯಲ್ಲಿ ಎಂಜಿನ್ ಶಕ್ತಿ ಮುಂದಿನ ಎರಡು ಗಾಲಿಗೆ ಮಾತ್ರ. ಮಹೀಂದ್ರಾದ ಥಾರ್ ಅಂದರೆ ಫೋರ್ ಬೈ ಫೋರ್ ಅಂತಲೇ ನಮ್ಮ ಹುಡುಗರು ತಿಳಿದಿದ್ದಾರೆ. 2023ರ ಜನವರಿಯಿಂದ ಹಿಂದಿನ ಗಾಲಿ ಮಾತ್ರ ತಿರುಗುವ ಥಾರ್ ಕೂಡ ಮಾರಾಟಕ್ಕಿದೆ. ಬೆಲೆ ಕಡಿಮೆ ಅಂತ ಅದನ್ನೇ ತಂದು, ಎರೆ ಹೊಲದಲ್ಲಿ ಹೂತು, ಕೊನೆಗೆ ಕಂಪನಿಯನ್ನು ಬೈದವರೂ ನಮ್ಮ ನಡುವೆ ಇದ್ದಾರೆ. ಹೆಸರು ಒಂದೇ, ಒಳಗಿನ ಯಂತ್ರ ಬೇರೆ. ಯಾವ ವರ್ಷದ್ದು, ಯಾವ ಎಂಜಿನ್, ಎಷ್ಟು ಗಾಲಿಗೆ ಶಕ್ತಿ ಹೋಗುತ್ತೆ ಅಂತ ಕೇಳದೆ ಬರೀ ಕಂಪನಿ ಹೆಸರು ಹೇಳಿದರೆ ಏನು ಪ್ರಯೋಜನ?

ಎತ್ತು ಕೊಳ್ಳುವಾಗ ನಾವು ಹೀಗೆ ಮಾಡ್ತೀವಾ? ಹಲ್ಲು ನೋಡ್ತೀವಿ, ನಡೆಸಿ ನೋಡ್ತೀವಿ, ನೊಗಕ್ಕೆ ಹೂಡಿ ನೋಡ್ತೀವಿ. ಯಾವ ಊರ ಜಾತ್ರೆಯಿಂದ ಬಂತು ಅನ್ನೋದು ಆಮೇಲಿನ ಮಾತು.

ಇನ್ನು ನಮ್ಮ ನೆಲ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಯೂಟ್ಯೂಬಿನಲ್ಲಿ ಲಡಾಖ್ ತೋರಿಸುವವರು ಯಾರೂ ಇದನ್ನು ಹೇಳಲ್ಲ. ಸಿಂಧನೂರು, ಮಾನ್ವಿ, ಗಂಗಾವತಿ ಕಡೆಯ ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಅಂಟುತ್ತದೆ. ಒಂದೆರಡು ಸುತ್ತು ತಿರುಗುವುದರೊಳಗೆ ಟೈರಿನ ಗೆರೆಗಳೆಲ್ಲ ತುಂಬಿ ಟೈರು ನುಣ್ಣಗಾಗುತ್ತದೆ. ಹೈವೇ ಟೈರ್ ಹಾಕಿದ ಗಾಡಿ ಯಾವ ಕಂಪನಿಯದಾದರೂ ಅಲ್ಲಿ ಜಾರುತ್ತದೆ. ಅದರ ಮೇಲೆ ತೂಕ. ಮಾರುತಿಯ ಜಿಮ್ನಿ ಸುಮಾರು 1,200 ಕೆ.ಜಿ. ಇದೆ, ಫಾರ್ಚುನರ್ ಫೋರ್ ಬೈ ಫೋರ್ 2 ಟನ್ ದಾಟುತ್ತದೆ. ಹಸಿ ಎರೆಯಲ್ಲಿ ಹೂತ ಮೇಲೆ ಆ ಹತ್ತಿರ ಹತ್ತಿರ ಒಂದು ಟನ್ ವ್ಯತ್ಯಾಸ ಏನು ಅಂತ ಟ್ರ್ಯಾಕ್ಟರ್ ತಂದು ಎಳೆದವನಿಗೇ ಗೊತ್ತು. ಎಡ-ಬಲದ ಗಾಲಿಗಳು ಒಟ್ಟಿಗೇ ತಿರುಗುವಂತೆ ಹಿಡಿದಿಡುವ ಡಿಫರೆನ್ಷಿಯಲ್ ಲಾಕ್ ಇಲ್ಲದಿದ್ದರೆ ನಾಲ್ಕು ಗಾಲಿಗೆ ಶಕ್ತಿ ಇದ್ದರೂ ಮುಂದೆ ಒಂದು, ಹಿಂದೆ ಒಂದು ಗಾಲಿ ಸುಮ್ನೆ ತಿರುಗಿ ಗಾಡಿ ಅಲ್ಲೇ ಕೂರುತ್ತದೆ. ಫೋರ್ಸ್ ಕಂಪನಿಯ ಗೂರ್ಖಾದಲ್ಲಿ ಮುಂದೆ ಹಿಂದೆ ಎರಡೂ ಕಡೆ ಲಾಕ್ ಬರುತ್ತದೆ. ಆದರೆ ನಮ್ಮ ಮದುವೆ ಮನೆ ಮಾತುಗಳಲ್ಲಿ ಗೂರ್ಖಾದ ಹೆಸರೇ ಇರಲ್ಲ, ಯಾಕಂದ್ರೆ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರು ಕಡಿಮೆ.

ಸಂಡೂರು, ತೋರಣಗಲ್ಲು ಕಡೆ ಹೋದರೆ ಬೇರೆಯೇ ಲೆಕ್ಕ. ಅಲ್ಲಿನ ಅದಿರಿನ ಕೆಂಪು ಧೂಳಿನಲ್ಲಿ ದಿನಾ ಓಡುವ ಗಾಡಿಯ ಏರ್ ಫಿಲ್ಟರನ್ನು ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಬರುವವರೆಗೆ ಬಿಟ್ಟರೆ ಎಂಜಿನ್ನಿಗೆ ಗಾಳಿ ತಳ್ಳುವ ಟರ್ಬೊ ಕೆಡುತ್ತದೆ. ರಾಯಚೂರಿನ ಬೇಸಿಗೆ ಗೊತ್ತಲ್ಲ. ಆ ಬಿಸಿಲಿನಲ್ಲಿ ಎಂಜಿನ್ ತಂಪಿಡುವ ಕೂಲಂಟ್ ಬದಲು ನಮ್ಮ ಸವಳು ಬೋರ್‌ವೆಲ್ ನೀರು ತುಂಬಿದರೆ ರೇಡಿಯೇಟರ್ ಒಳಗೆ ಉಪ್ಪು ಕಟ್ಟುತ್ತದೆ. ಇದರಲ್ಲಿ ಕಂಪನಿಯ ತಪ್ಪು ಏನಿದೆ?

ಡೀಸೆಲ್ ಗಾಡಿ ತಗೊಳ್ಳುವವರು ಮುಂದಿನ ಮಾತು ಎರಡು ಸಲ ಓದಿ. 2020ರ ಏಪ್ರಿಲ್ 1ರಿಂದ ಗಾಡಿಗಳ ಹೊಗೆಗೆ ಬಿಎಸ್-6 ಅನ್ನೋ ಹೊಸ ನಿಯಮ ಬಂತು. ಅದರ ಜೊತೆ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಡಿಪಿಎಫ್, ಬಂತು. ಗಾಡಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿದರೆ ಆ ಮಸಿ ಒಳಗೇ ಸುಟ್ಟುಹೋಗುತ್ತದೆ. ನಮ್ಮವರ ಓಡಾಟ ಹೇಗೆ? ಮನೆಯಿಂದ ಹೊಲ, ಹೊಲದಿಂದ ಎಪಿಎಂಸಿ, ಅಲ್ಲಿ ಎಸಿ ಹಾಕಿ ಗಾಡಿ ಆನ್ ಇಟ್ಟು ಮಾತು. ಮಸಿ ತುಂಬುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ದೀಪ ನೋಡಿಯೂ ಓಡಿಸುತ್ತಾರೆ, ಗಾಡಿ ಎಳೆಯುವುದು ಬಿಡುತ್ತದೆ. ದೀಪ ಹತ್ತಿದ ಮೊದಲ ದಿನವೇ ಲಿಂಗಸುಗೂರು ರಸ್ತೆಯಲ್ಲಿ ಒಂದೇ ಹದದಲ್ಲಿ ಅರ್ಧ ತಾಸು ಓಡಿಸಿದ್ದರೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತಿತ್ತು. ಇನ್ನೊಂದು, ಆ ಮಸಿ ಸುಡುವಾಗ ಫಿಲ್ಟರಿನ ಒಳಗೆ ಸುಮಾರು 600 ಡಿಗ್ರಿ ಬಿಸಿ ಇರುತ್ತದೆ. ರಸ್ತೆ ಮೇಲೆ ಒಕ್ಕಣೆಗೆ ಹಾಕಿದ ತೊಗರಿ ಕಟ್ಟಿಗೆ, ಒಣ ಹುಲ್ಲು ಗಾಡಿಯ ಅಡಿಗೆ ಸಿಕ್ಕಿಕೊಂಡರೆ ಬೆಂಕಿ ಹತ್ತಬಹುದು. ದಯವಿಟ್ಟು ಇಳಿದು, ಬಗ್ಗಿ ನೋಡಿ, ಕಿತ್ತು ಹಾಕಿ. ಇದನ್ನು ಯಾವ ಸೇಲ್ಸ್ ಹುಡುಗ ನಿಮಗೆ ಹೇಳಿದ?

ಫೋರ್ ಬೈ ಫೋರ್ ಲಿವರ್ ವರ್ಷಗಟ್ಟಲೆ ಮುಟ್ಟದೆ, ಒಂದು ದಿನ ಹಳ್ಳದಲ್ಲಿ ಎಳೆದರೆ ಫೋರ್ ಬೈ ಫೋರ್ ಗೇರು ಬೀಳದೇ ಇರಬಹುದು. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಸ್ವಲ್ಪ ದೂರ ಹಾಕಿ ಓಡಿಸಬೇಕು, ಒಳಗಿನ ಗೇರು, ಸೀಲುಗಳಿಗೆ ಎಣ್ಣೆ ಆಡಬೇಕು. ಒಣ ಡಾಂಬರಿನಲ್ಲಿ ಮಾತ್ರ ಹಾಕಬೇಡಿ. ತಿರುವಿನಲ್ಲಿ ಮುಂದಿನ, ಹಿಂದಿನ ಗಾಲಿ ಓಡುವ ದೂರ ಬೇರೆ ಬೇರೆ, ಇಂಥ ಗಾಡಿಗಳಲ್ಲಿ ಆ ವ್ಯತ್ಯಾಸ ಹೀರಿಕೊಳ್ಳಲು ನಡುವೆ ಏನೂ ಇರಲ್ಲ, ಎಲ್ಲ ಭಾರ ಶಾಫ್ಟು ಮತ್ತು ಗೇರುಗಳ ಮೇಲೆ ಬೀಳುತ್ತದೆ.

ನನ್ನ ಮಾತಿಗೆ ಒಬ್ಬ ಗೆಳೆಯರು ಅಲ್ಲೇ ಎದುರು ಹೇಳಿದರು. "ಹೆಸರು ಸುಮ್ನೆ ಬರ್ತೈತೇನ್ರಿ? ಸಾವಿರಾರು ಮಂದಿ ಓಡಿಸಿದ ಮ್ಯಾಲೇ ಬಂದದ್ದು. ರೀಸೇಲ್ ನೋಡ್ರಿ, ಐದು ವರ್ಷ ಆದ್ರೂ ರೇಟ್ ಬಿದ್ದಿಲ್ಲ." ಅರ್ಧ ಒಪ್ಪುತ್ತೇನೆ. ಒಂದು ಕಾಲಕ್ಕೆ ಚೆನ್ನಾಗಿ ಮಾಡಿದವರು ಇನ್ನೊಂದು ಸಲವೂ ಚೆನ್ನಾಗಿ ಮಾಡುವ ಸಾಧ್ಯತೆ ಜಾಸ್ತಿ. ಆದರೆ ರೀಸೇಲ್ ಬೆಲೆ ಅಂದರೆ ಬೇರೆಯವರು ಆ ಗಾಡಿ ಬಗ್ಗೆ ಏನು ನಂಬಿದ್ದಾರೆ ಅನ್ನೋದರ ಬೆಲೆ. ಗಾಡಿಯ ಆರೋಗ್ಯ ಅದರಲ್ಲಿ ಕಾಣಲ್ಲ. ಅಷ್ಟೇ ಅಲ್ಲ, ನಮ್ಮವರು ಬಾಯಿ ಬಿಡದಿರಲು ಅದೇ ಕಾರಣ. ದೋಷ ಹೇಳಿದರೆ ನಾಳೆ ಮಾರುವಾಗ ಎರಡು ಲಕ್ಷ ಕಡಿಮೆ ಆಗುತ್ತೆ ಅನ್ನೋ ಭಯ. ಆ ಎರಡು ಲಕ್ಷ ಕೊನೆಗೆ ಯಾರ ಜೇಬಿನಿಂದ ಹೋಗುತ್ತೆ? ನಿಮ್ಮ ಮಾತು ನಂಬಿದ ನಿಮ್ಮದೇ ತಮ್ಮನ ಜೇಬಿನಿಂದ.

ಅಮೆರಿಕದ ಪಟ್ಟಿಗಳನ್ನು ಮೊಬೈಲಿನಲ್ಲಿ ತೋರಿಸುವವರಿಗೂ ಒಂದು ಮಾತು. ಜೆ.ಡಿ. ಪವರ್ ಎಂಬ ಸಂಸ್ಥೆ ಅಲ್ಲಿ ಮೂರು ವರ್ಷ ಹಳೆಯ ಗಾಡಿಗಳ ಮಾಲೀಕರನ್ನು ಕೇಳಿ, 100 ಗಾಡಿಗೆ ಎಷ್ಟು ತೊಂದರೆ ಅಂತ ಲೆಕ್ಕ ಹಾಕುತ್ತದೆ. ಅದರಲ್ಲಿ ಫೋನ್ ಬ್ಲೂಟೂತಿಗೆ ಜೋಡಣೆ ಆಗದಿದ್ದರೂ ಒಂದು ತೊಂದರೆ, ಗೇರ್‌ಬಾಕ್ಸ್ ಹೋದರೂ ಒಂದು ತೊಂದರೆ. ಹಳ್ಳದ ನಡುವೆ ನಿಂತವನಿಗೆ ಎರಡೂ ಒಂದೇನಾ? ಆದರೂ ಆ ಪಟ್ಟಿಯಲ್ಲಿ ಒಂದು ಒಳ್ಳೇದಿದೆ. ಮಾಲೀಕರು ಅಲ್ಲಿ ತಮ್ಮ ಗಾಡಿಯ ತೊಂದರೆಯನ್ನು ಬಾಯಿಬಿಟ್ಟು ಹೇಳ್ತಾರೆ.

ಪಾರ್ಟ್ಸ್ ವಿಷಯ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಫೋರ್ಡ್ ಕಂಪನಿ ಭಾರತದಲ್ಲಿ ಗಾಡಿ ತಯಾರಿಸುವುದನ್ನು ನಿಲ್ಲಿಸುತ್ತೇವೆ ಅಂತ 2021ರ ಸೆಪ್ಟೆಂಬರಿನಲ್ಲಿ ಹೇಳಿತು. ಅವರ ದೊಡ್ಡ ಗಾಡಿ ಎಂಡೆವರ್ ಅದಕ್ಕಿಂತ ಹಿಂದಿನ ದಿನ ಎಷ್ಟು ಗಟ್ಟಿಯಿತ್ತೋ ಮರುದಿನವೂ ಅಷ್ಟೇ ಗಟ್ಟಿಯಿತ್ತು. ಆದರೆ ಅದನ್ನು ಇಟ್ಟುಕೊಂಡವರ ಚಿಂತೆ ಒಂದೇ ರಾತ್ರಿಯಲ್ಲಿ ಬದಲಾಯಿತು, ಅಲ್ವಾ? ನನ್ನ ಮಟ್ಟಿಗೆ ನಂಬಿಕಸ್ಥ ಗಾಡಿ ಅಂದರೆ ಕೆಟ್ಟ ಮೇಲೆ ಬೇಗ ಎದ್ದು ನಿಲ್ಲುವ ಗಾಡಿ. ಪಾರ್ಟ್ ಸಿಂಧನೂರಿನಲ್ಲೇ ಸಿಗುತ್ತಾ, ಹೊಸಪೇಟೆಯಿಂದ ಬರಬೇಕಾ, ಬೆಂಗಳೂರಿನಿಂದ ಬರಬೇಕಾ? ನಮ್ಮ ಮಿಸ್ತ್ರಿ ಬಿಚ್ಚಬಲ್ಲನಾ, ಇಲ್ಲಾ ಲ್ಯಾಪ್‌ಟಾಪ್ ಹಿಡಿದವರೇ ಬರಬೇಕಾ? ಬೊಲೆರೊ ಹಳ್ಳಿ ಹಳ್ಳಿಯಲ್ಲಿ ಯಾಕೆ ಉಳಿದಿದೆ ಅಂತ ಕೇಳಿದರೆ ಇದೇ ಉತ್ತರ.

ನನ್ನ ಗಾಡಿಯೂ ಒಂದು ಸೆನ್ಸರಿಗಾಗಿ ಕಾದು ನಿಂತಿತ್ತು. ಅದೂ ನಾಟಿ ಹೊತ್ತಿನಲ್ಲಿ. ಯಾವ ಕಂಪನಿ ಅಂತ ಇಲ್ಲಿ ಬರೆಯಲ್ಲ, ಬರೆದರೆ ಕೆಳಗೆ ಜಗಳ ಶುರುವಾಗಿ ವಿಷಯ ಹಾಳಾಗುತ್ತೆ. ಕೊಳ್ಳುವ ವಿಚಾರ ಇರುವವರು ಮನೆಗೆ ಬನ್ನಿ, ಸರ್ವೀಸ್ ಬಿಲ್ಲುಗಳ ಫೈಲನ್ನೇ ಕೈಗೆ ಕೊಡ್ತೀನಿ. ಚೆನ್ನಾಗಿ ಓಡಿದ ಕಡೆ ಅದೂ ಅದರಲ್ಲೇ ಕಾಣುತ್ತೆ.

ಹುಡುಗ ಇನ್ನೂ ಬುಕ್ ಮಾಡಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಫೋರ್ ಬೈ ಫೋರ್ ಇಟ್ಟುಕೊಂಡವರು ಕೆಳಗೆ ಬರೆಯಿರಿ. ಯಾವ ವರ್ಷದ ಗಾಡಿ, ಎಷ್ಟು ಓಡಿದೆ, ಏನು ಕೆಟ್ಟಿತು, ಯಾವ ಪಾರ್ಟ್ ಎಲ್ಲಿಂದ ಬಂತು, ಎಷ್ಟು ದಿನ ನಿಂತಿತು, ಎಷ್ಟು ಖರ್ಚಾಯಿತು. ಕಂಪನಿ ಹೆಸರು ಬರೆಯಲು ಸಂಕೋಚ ಆದರೆ ಅವನಿಗೆ ಫೋನಿನಲ್ಲಿ ಹೇಳಿ, ನಂಬರ್ ನಾನು ಕೊಡ್ತೀನಿ.